ಕಡಲಪಾಚಿಯ ಹಾಸಿಗೆ

ಹಿಮದ ನಡುವೆ ಸಿಕ್ಕಿಕೊಂಡವನು ಬದುಕಬೇಕಾದರೆ ಬೆಂಕಿ ಬೇಕೆಂದು ನಾವು ಭಾವಿಸುತ್ತೇವೆ. ಬೆಂಕಿ ಬೇಕು, ನಿಜ; ಆದರೆ ಅದಕ್ಕೂ ಮೊದಲು ಮೈಯ ಕಾವು ಸೋರಿಹೋಗದಂತೆ ಒಂದು ತಡೆ ಬೇಕು. ಈ ಮಾತಿಗೆ 1912ರ ಒಂದು ಪ್ರಸಂಗಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಆ ವರ್ಷದ ಜನವರಿಯಲ್ಲಿ, ಕ್ಯಾಪ್ಟನ್ ಸ್ಕಾಟನ ದಕ್ಷಿಣಧ್ರುವ ಯಾತ್ರೆಯ ಒಂದು ಉಪತಂಡವನ್ನು 'ಟೆರಾ ನೋವಾ' ಹಡಗು ಅಂಟಾರ್ಕ್ಟಿಕದ ಕರಾವಳಿಯಲ್ಲಿ ಇಳಿಸಿ ಹೋಯಿತು. ನಾಯಕ ವಿಕ್ಟರ್ ಕ್ಯಾಂಪ್‌ಬೆಲ್. ಭೂವಿಜ್ಞಾನಿ ಪ್ರೀಸ್ಟ್ಲಿ, ವೈದ್ಯ ಲೆವಿಕ್, ನಾವಿಕರಾದ ಅಬಟ್, ಬ್ರೌನಿಂಗ್, ಡಿಕಾಸನ್. ಒಟ್ಟು ಆರು ಜನ. ಕೆಲವೇ ವಾರಗಳ ಕೆಲಸ, ಅಷ್ಟಕ್ಕೇ ಸಾಲುವ ಆಹಾರ, ಬೇಸಗೆಯ ಉಡುಪು. ಮರಳಿ ಕರೆದೊಯ್ಯಬೇಕಾದ ಹಡಗು ಹೆಪ್ಪುಗಟ್ಟಿದ ಕಡಲನ್ನು ಭೇದಿಸಿ ಬರಲಾರದೆ ಹೋಯಿತು. ಆ ನೆಲಕ್ಕೆ ಅವರು 'ಇನ್‌ಎಕ್ಸ್‌ಪ್ರೆಸಿಬಲ್' ದ್ವೀಪವೆಂದು ಹೆಸರಿಟ್ಟರು. ಅಂದರೆ ಅನಿರ್ವಚನೀಯ, ನಮ್ಮ ವೇದಾಂತಿಗಳು ಮಾಯೆಗೆ ಮೀಸಲಿಟ್ಟ ಮಾತು!

ಅಲ್ಲಿಯ ಗಾಳಿಗೆ ಡೇರೆ ನಿಲ್ಲುವಂತಿರಲಿಲ್ಲ. ಗಟ್ಟಿಹಿಮದ ದಿಬ್ಬವೊಂದನ್ನು ಕೊರೆದು ಗವಿ ಮಾಡಿಕೊಂಡರು. ಸುಮಾರು 12 ಅಡಿ ಉದ್ದ, 9 ಅಡಿ ಅಗಲ; ಎತ್ತರ ಐದೂವರೆ ಅಡಿ, ನೆಟ್ಟಗೆ ನಿಲ್ಲುವ ಭಾಗ್ಯವೂ ಇಲ್ಲ.

ಹಿಮದಿಂದ ಪಾರಾಗಲು ಹಿಮವನ್ನೇ ಹೊಗುವುದೆ? ವಿಚಿತ್ರವೇನಲ್ಲ. ಹಿಮದ ಹರಳುಗಳ ನಡುವೆ ಗಾಳಿ ಸೆರೆಯಾಗಿರುತ್ತದೆ. ಅಲುಗದ ಗಾಳಿ ಕಾವನ್ನು ಬಲು ನಿಧಾನವಾಗಿ ಸಾಗಿಸುತ್ತದೆ. ನಮ್ಮ ಕಂಬಳಿಯ ಗುಟ್ಟೂ ಇದೇ. ಉಣ್ಣೆ ತಾನಾಗಿ ಕಾವನ್ನು ಹುಟ್ಟಿಸುವುದಿಲ್ಲ. ಆದರೆ ಮಲಗಿದವನ ಭಾರಕ್ಕೆ ಅಡಿಯ ಹಾಸು ಅಮುಕಿ, ಒಳಗಿನ ಗಾಳಿ ಹೊರಬಿದ್ದರೆ ಕಾವು ನೇರವಾಗಿ ನೆಲಕ್ಕಿಳಿಯುತ್ತದೆ. ಕಾಡಿನಲ್ಲಿ ತಂಗುದಾಣ ಕಟ್ಟಿಕೊಳ್ಳುವವರು ಮಾಡಿಗೆ ಕೊಟ್ಟ ಗಮನವನ್ನು ಹಾಸಿಗೆಗೆ ಕೊಡದೆ ಕೆಡುವುದು ಇಲ್ಲಿಯೇ.

ಇವರು ಕೆಡಲಿಲ್ಲ. ನೆಲಕ್ಕೆ ಮೊದಲು ಸಣ್ಣ ಕಲ್ಲುಗಳನ್ನು ಹರಡಿ, ಅದರ ಮೇಲೆ ಒಣಗಿದ ಕಡಲಪಾಚಿಯನ್ನು ತುಂಬಿ, ಮೇಲೆ ಡೇರೆಯ ಬಟ್ಟೆ ಹಾಸಿದರು. ಮರವಿಲ್ಲದ, ತರಗೆಲೆಯಿಲ್ಲದ ಆ ನಾಡಿನಲ್ಲಿ ಕಡಲು ಎಸೆದುಹೋದ ಕಸವೇ ಅವರ ಪಾಲಿನ ಹುಲ್ಲು.

ಗಾಳಿಯನ್ನು ತಡೆದಷ್ಟೂ ಉಸಿರಿಗೆ ಕುತ್ತು. ಸೀಲ್ ಪ್ರಾಣಿಯ ಕೊಬ್ಬು ಉರಿಸಿ ಉರಿಸಿ ಎಲ್ಲರೂ ಮಸಿಯ ಬೊಂಬೆಗಳಾದರು. ಬಿರುಗಾಳಿಯ ಹಿಮ ಹೊಗೆಗಂಡಿಯನ್ನು ಮುಚ್ಚಿದಾಗ ದೀಪಗಳು ಮಂಕಾದವು; ಪ್ರಾಣಕ್ಕೇ ಸಂಚಕಾರ ಬಂದಿತ್ತು.

ಇನ್ನೊಂದು ಸಂಗತಿ. ಕ್ಯಾಂಪ್‌ಬೆಲ್ ಗವಿಯ ನೆಲದ ಮೇಲೆ ಒಂದು ಗೆರೆ ಎಳೆದ: ಇತ್ತ ಅಧಿಕಾರಿಗಳು, ಅತ್ತ ನಾವಿಕರು. ಒಂದು ಕಡೆ ಆಡಿದ ಮಾತು ಇನ್ನೊಂದು ಕಡೆಗೆ ಕೇಳಿಸದೆಂದು ಒಪ್ಪಂದ. ನಗು ಬರಬಹುದು. ಮೈಗೆ ಮೈ ತಗಲಿ ಮಲಗುವ ಆರು ಜನರ ನಡುವೆ ಇದೂ ಒಂದು ಬಗೆಯ ಹೊದಿಕೆಯೆಂದೇ ನನಗೆ ತೋರುತ್ತದೆ.

ಸೆಪ್ಟೆಂಬರ್ 30ರಂದು ಗವಿಯನ್ನು ಬಿಟ್ಟು ಕಾಲ್ನಡೆಯಲ್ಲಿ ಹೊರಟ ಅವರು ನವೆಂಬರ್ 7ರಂದು ಕೇಪ್ ಇವಾನ್ಸಿನ ಮೂಲಠಾಣ್ಯವನ್ನು ಮುಟ್ಟಿದರು. ಆರು ಜನರೂ ಜೀವಂತ. ಸ್ಕಾಟನೂ ಅವನ ನಾಲ್ವರು ಸಂಗಡಿಗರೂ ಧ್ರುವದಿಂದ ಮರಳಿಲ್ಲವೆಂಬ ಸುದ್ದಿ ಅವರಿಗೆ ತಿಳಿದದ್ದು ಆ ಪಯಣದ ಕೊನೆಯಲ್ಲಿ.