ಜೀವವಿಜ್ಞಾನಿಯ ಸಾಧನೆಯನ್ನು ಗುರುತಿಸುವುದೆಂದರೆ

(ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಜೀವವಿಜ್ಞಾನ ಕ್ಷೇತ್ರದಲ್ಲಿ ದುಡಿದ ಒಬ್ಬರನ್ನು ಪ್ರತಿ ವರ್ಷ ಗೌರವಿಸಬೇಕೆಂದು ಬಳಗವು ತೀರ್ಮಾನಿಸಿದೆ. ಆಯ್ಕೆಯ ಮಾನದಂಡ ಹೇಗಿರಬೇಕು ಎಂಬುದರ ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ಶಾಲು, ಹಾರ, ಫಲತಾಂಬೂಲಗಳ ವಿಷಯದಲ್ಲಿ ನಮಗೆ ಯಾರ ಸಲಹೆಯೂ ಬೇಕಾಗಿಲ್ಲ. ಕಷ್ಟವಿರುವುದು ಬಿನ್ನವತ್ತಳೆಯಲ್ಲಿ. ಅಲ್ಲಿ ನಾವು ‘ಮಹಾನ್ ಸಾಧಕರು’, ‘ನಾಡಿನ ಹೆಮ್ಮೆ’ ಎಂದು ಬರೆದು ಮುಗಿಸುತ್ತೇವೆ. ಆ ವ್ಯಕ್ತಿ ಏನನ್ನು ಕಂಡುಹಿಡಿದರು, ಅದನ್ನು ಹೇಗೆ ಕಂಡುಹಿಡಿದರು, ಅವರಿಗಿಂತ ಮೊದಲು ಗೊತ್ತಿದ್ದುದೆಷ್ಟು ಎಂಬುದು ಅಲ್ಲಿರುವುದಿಲ್ಲ. ಇದನ್ನು ಒಬ್ಬರ ಜೀವನದ ಮೂಲಕ ವಿವರಿಸುವುದೇ ಸೂಕ್ತವೆಂದು ನನಗೆ ತೋರಿದೆ.

ಎಡವಲೇತ್ ಕಕ್ಕಾಟ್ ಜಾನಕಿ ಅಮ್ಮಾಳ್ 1897ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದರು. ಮದರಾಸಿನಲ್ಲಿ ಸಸ್ಯಶಾಸ್ತ್ರ ಓದಿ, ಅಲ್ಲಿಯೇ ಕೆಲಕಾಲ ಪಾಠ ಹೇಳಿ, ಬಾರ್ಬರ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. 1931ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಹೆಣ್ಣುಮಕ್ಕಳು ಅಕ್ಷರ ಕಲಿಯುವುದೇ ಅಪರೂಪವಾಗಿದ್ದ ಕಾಲವದು. 1934ರಿಂದ ಐದು ವರ್ಷ ಅವರು ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪತ್ರಿಕೆಗಳಲ್ಲಿ ಅವರ ಬಗ್ಗೆ ಬರುವ ಲೇಖನಗಳಲ್ಲಿ ‘ಭಾರತದ ಕಬ್ಬಿಗೆ ಸಿಹಿ ತಂದವರು’ ಎಂಬ ಮಾತು ಮತ್ತೆಮತ್ತೆ ಕಾಣುತ್ತದೆ. ಕೇಳಲು ಹಿತವಾಗಿದೆ, ಆದರೆ ಪೂರ್ತಿ ಸರಿಯಲ್ಲ. ಕೊಯಮತ್ತೂರು ಸಂಸ್ಥೆ ಆರಂಭವಾದದ್ದು 1912ರಲ್ಲಿ. ಅಲ್ಲಿ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ದಪ್ಪ ಕಬ್ಬನ್ನು ಹೊಳೆದಂಡೆಯಲ್ಲಿ ಬೆಳೆಯುವ ಕಾಡುಕಬ್ಬಿನೊಂದಿಗೆ ಸಂಕರ ಮಾಡಿ ಪಡೆದ ಕೊ 205 ತಳಿ 1918ರಲ್ಲೇ ರೈತರ ಕೈಸೇರಿತ್ತು. ಜಾನಕಿ ಅಮ್ಮಾಳ್ ಅಲ್ಲಿಗೆ ಬಂದದ್ದು ಅದಾಗಿ ಹದಿನಾರು ವರ್ಷಗಳ ತರುವಾಯ. ಹಾಗಾದರೆ ಅವರ ಕೊಡುಗೆಯೇನು? ಆ ಸಂಕರಗಳು ಏಕೆ ಫಲಿಸುತ್ತವೆ, ಏಕೆ ಕೆಲವೊಮ್ಮೆ ಬಂಜೆಯಾಗುತ್ತವೆ ಎಂಬುದನ್ನು ವರ್ಣತಂತುಗಳ ಮಟ್ಟದಲ್ಲಿ ತಿಳಿಯಲು ಅವರು ಯತ್ನಿಸಿದರು. ದಪ್ಪ ಕಬ್ಬಿನ ಕೋಶದಲ್ಲಿ 80 ವರ್ಣತಂತುಗಳು. ಕಾಡುಕಬ್ಬಿನದೋ ಸ್ಥಳದಿಂದ ಸ್ಥಳಕ್ಕೆ ಬದಲಾಗುವ ಲೆಕ್ಕ. 40ರಿಂದ 128ರವರೆಗೂ ಇರಬಹುದೆಂದು ಇಂದು ನಮಗೆ ಗೊತ್ತಿದೆ. ಹೊರನೋಟಕ್ಕೆ ಒಂದೇ ಆಗಿ ಕಾಣುವ ಗಿಡಗಳೊಳಗೆ ಇಷ್ಟು ವ್ಯತ್ಯಾಸವಿರುವಾಗ, ಯಾವ ಊರಿನ ಕಾಡುಕಬ್ಬನ್ನು ಆರಿಸಿಕೊಳ್ಳಬೇಕು ಎಂಬುದು ತಳಿ ತಜ್ಞನಿಗೆ ಜೀವನ್ಮರಣದ ಪ್ರಶ್ನೆ. ಕಬ್ಬನ್ನು ಮೆಕ್ಕೆಜೋಳ, ಜೋಳ ಮುಂತಾದ ಬೇರೆ ಕುಲದ ಹುಲ್ಲುಗಳೊಂದಿಗೂ ಅವರು ಸಂಕರ ಮಾಡಿ ನೋಡಿದರು. ಇವುಗಳಿಂದ ಮಾರುಕಟ್ಟೆಗೆ ಹೋಗುವ ತಳಿ ಬರಲಿಲ್ಲ, ತಿಳಿವಳಿಕೆ ಬಂತು. ನಮ್ಮ ಬಿನ್ನವತ್ತಳೆಗಳಿಗೆ ‘ತಿಳಿವಳಿಕೆ ಬಂತು’ ಎಂದು ಬರೆಯುವ ಧೈರ್ಯವಿಲ್ಲ. ಅದಕ್ಕಾಗಿಯೇ ಸಿಹಿ ತಂದರು ಎನ್ನುತ್ತೇವೆ. ಇದರಿಂದ ವೆಂಕಟರಾಮನ್ ಅವರಿಗೂ ಅನ್ಯಾಯ, ಜಾನಕಿ ಅಮ್ಮಾಳ್ ಅವರಿಗೂ ಅನ್ಯಾಯ.

1940ರಿಂದ 45ರವರೆಗೆ ಅವರು ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿದ್ದರು. ಹೊರಗೆ ಮಹಾಯುದ್ಧ, ಒಳಗೆ ಸೂಕ್ಷ್ಮದರ್ಶಕ. 1945ರಲ್ಲಿ ಸಿ.ಡಿ. ಡಾರ್ಲಿಂಗ್ಟನ್ ಅವರೊಡನೆ ಸೇರಿ ಕೃಷಿ ಸಸ್ಯಗಳ ವರ್ಣತಂತು ಕೋಶವೊಂದನ್ನು ಪ್ರಕಟಿಸಿದರು. ಯಾವ ಬೆಳೆಯಲ್ಲಿ, ಅದರ ಯಾವ ಬಂಧುಗಳಲ್ಲಿ ಎಷ್ಟು ವರ್ಣತಂತುಗಳಿವೆ ಎಂಬ ಪಟ್ಟಿಗಳ ಪುಸ್ತಕವದು. ಓದಲು ರಸವಿಲ್ಲದ ಪುಸ್ತಕ ಎನಿಸಬಹುದು, ಆದರೆ ತಳಿ ಅಭಿವೃದ್ಧಿ ಮಾಡುವವರಿಗೆ ಪಂಚಾಂಗವಿದ್ದಂತೆ. ಹತ್ತು ವರ್ಷಗಳ ಬಳಿಕ, 1955ರಲ್ಲಿ, ಅದು ಹೂಬಿಡುವ ಸಸ್ಯಗಳೆಲ್ಲವನ್ನೂ ಒಳಗೊಂಡು ವಿಸ್ತೃತವಾಗಿ ಹೊರಬಂದಾಗ ಮುಖಪುಟದಲ್ಲಿ ಡಾರ್ಲಿಂಗ್ಟನ್ ಅವರ ಜೊತೆಗಿದ್ದದ್ದು ಬೇರೊಬ್ಬರ ಹೆಸರು. ಹೊಸ ಸಹಲೇಖಕರು ದುಡಿದಿರಲೇಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಪುಸ್ತಕವೊಂದು ಬೆಳೆಯುತ್ತ ಹೋದಂತೆ ಬುನಾದಿ ಹಾಕಿದವರ ಹೆಸರು ಮಣ್ಣಿನಡಿಗೆ ಸರಿಯುವುದು ವಿಜ್ಞಾನದಲ್ಲಿ ಹೀಗೆಯೇ.

ಯುದ್ಧಾನಂತರ ಅವರು ವಿಸ್ಲಿಯ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ತೋಟದಲ್ಲಿದ್ದಾಗ ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಮ್ಯಾಗ್ನೋಲಿಯಾ ಸಸಿಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸುವ ಪ್ರಯೋಗ ನಡೆಸಿದರು. ಅವರ ಹೆಸರು ಹೊತ್ತ ಮ್ಯಾಗ್ನೋಲಿಯಾ ತಳಿಯೊಂದು ಇದೆ. ಸ್ವದೇಶಕ್ಕೆ ಮರಳಲು ಜವಾಹರಲಾಲ್ ನೆಹರೂ ಅವರು 1951ರಲ್ಲಿ ಆಹ್ವಾನಿಸಿದರು. 1890ರಲ್ಲಿ ಸ್ಥಾಪನೆಗೊಂಡು ಸೊರಗಿಹೋಗಿದ್ದ ಭಾರತೀಯ ಸಸ್ಯ ಸರ್ವೇಕ್ಷಣಾ ಇಲಾಖೆಯನ್ನು ಪುನಾರಚಿಸುವ ಹೊಣೆ ಅವರದಾಯಿತು. ಆಮೇಲಿನ ಆಡಳಿತದ ಕಥೆಯನ್ನು ನಾನು ಲಂಬಿಸುವುದಿಲ್ಲ. 1955ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ, ಮಾನವನು ಭೂಮಿಯ ಮುಖವನ್ನು ಹೇಗೆ ಬದಲಿಸಿದ್ದಾನೆ ಎಂಬ ವಿಷಯದ ಮೇಲೆ ನಡೆದ ಪ್ರಸಿದ್ಧ ಗೋಷ್ಠಿಗೆ ಅವರಿಗೆ ಕರೆ ಬಂದಿತ್ತು ಎಂಬುದನ್ನಷ್ಟೇ ಹೇಳುತ್ತೇನೆ. ಪರಿಸರ ಎಂಬ ಶಬ್ದ ನಮ್ಮ ಸಭೆಗಳಿಗೆ ಬರುವುದಕ್ಕೆ ಎಷ್ಟೋ ಮೊದಲೇ ಅವರು ಆ ಚರ್ಚೆಯಲ್ಲಿದ್ದರು.

ಪದ್ಮಶ್ರೀ ಬಂದದ್ದು 1977ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ. ಆ ಹೊತ್ತಿಗೆ ಅವರು ಮದರಾಸು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಕೇಂದ್ರಕ್ಕೆ ಸೇರಿದ ಮಧುರವಾಯಲಿನ ಕ್ಷೇತ್ರ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರು. ಆ ಇಳಿವಯಸ್ಸಿನಲ್ಲಿ ಅವರು ಕೈಗೆತ್ತಿಕೊಂಡ ಕೆಲಸವೇ ನಮ್ಮಂಥ ಬಳಗಗಳಿಗೆ ಮುಖ್ಯವಾದದ್ದು. ಕುಂತಿಪುಳ ಹೊಳೆಗೆ ಅಣೆಕಟ್ಟು ಕಟ್ಟಿದರೆ ಸೈಲೆಂಟ್ ವ್ಯಾಲಿಯ ಮಳೆಕಾಡು ಮುಳುಗಲಿತ್ತು. ಆ ಕಾಡಿನ ಮರಗಳ ವರ್ಣತಂತು ಸಮೀಕ್ಷೆ ನಡೆಸಲು ಅವರು ಹೊರಟರು. ಬೆಳೆಯ ಗಿಡದಲ್ಲಿ ವರ್ಣತಂತು ಎಣಿಸುವುದು ಒಂದು ತೆರ. ಬೇರಿನ ತುದಿ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಹಿಸುಕಿ, ವಿಭಜನೆಯಾಗುತ್ತಿರುವ ಕೋಶವನ್ನು ಹುಡುಕುವುದು. ಕಾಡುಮರದಲ್ಲಿ ಬೇಕಾಗುವುದು ಎಳೆಯ ಮೊಗ್ಗು, ಅದಿರುವುದು ಮರದ ನೆತ್ತಿಯಲ್ಲಿ, ಸರಿಯಾದ ಹಂತ ಸಿಗುವುದು ಕೆಲವೇ ದಿನ. ಇಂಥ ಕೆಲಸಕ್ಕೆ ಎಂಬತ್ತು ದಾಟಿದವರೊಬ್ಬರು ಏಕೆ ಹೊರಟರು? ಒಂದು ಕಾಡಿನಲ್ಲಿ ಎಷ್ಟು ಜಾತಿಗಳಿವೆ ಎಂಬ ಪಟ್ಟಿಯಿಂದ ಅದರ ಬೆಲೆ ಪೂರ್ತಿ ತಿಳಿಯದು. ಆ ಜಾತಿಗಳು ಹೇಗೆ ವಿಕಾಸಗೊಂಡವೆಂಬ ದಾಖಲೆ ಕೋಶದೊಳಗಿದೆ. ಕಾಡು ಮುಳುಗಿದರೆ ಓದದೇ ಉಳಿದ ಆ ದಾಖಲೆಯೂ ಮುಳುಗುತ್ತದೆ. 1984ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

ಸೈಲೆಂಟ್ ವ್ಯಾಲಿ ಎಂದೊಡನೆ ನಮ್ಮ ಕಾರ್ಯಕರ್ತರಿಗೆ ನೆನಪಾಗುವುದು ಸುಗತಕುಮಾರಿ ಮತ್ತಿತರ ಕವಿಗಳು, ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತು. ನೆನಪಾಗಬೇಕಾದದ್ದೇ. ಆದರೆ ಜಾನಕಿ ಅಮ್ಮಾಳ್ ಅವರ ಹೆಸರನ್ನು ಚಳವಳಿಯ ಸಭೆಯಲ್ಲಿ ನಾನು ಕೇಳಿದ್ದು ಬಹಳ ವಿರಳ. ಅವರು ತೀರಿಕೊಂಡು ಒಂದೂವರೆ ದಶಕ ಕಳೆದ ಮೇಲೆ ಕೇಂದ್ರ ಪರಿಸರ ಸಚಿವಾಲಯ ಸಸ್ಯ ವರ್ಗೀಕರಣಕ್ಕೆ ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ಥಾಪಿಸಿತು. ಸರ್ಕಾರ ತಡವಾಗಿಯಾದರೂ ನೆನೆಯಿತು. ನಾವು?

ನಮ್ಮವರ ವಿಷಯಕ್ಕೆ ಬರೋಣ. ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಬರೆದು 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರೆಂದು ಎಲ್ಲರೂ ಬಲ್ಲರು. ಸಾರ್ಕಾಂಡ್ರ ಎಂಬ ಪೊದೆಯ ಕಾಂಡದಲ್ಲಿ ಬಹುತೇಕ ಹೂಗಿಡಗಳಲ್ಲಿರುವಂಥ ನೀರ್ನಾಳಗಳಿಲ್ಲವೆಂದು ಇರ್ವಿಂಗ್ ಬೈಲಿಯವರೊಡನೆ ಅವರು 1950ರಲ್ಲಿ ವರದಿ ಮಾಡಿದರೆಂಬುದು ಎಷ್ಟು ಜನಕ್ಕೆ ಗೊತ್ತು? ಹೂಗಿಡಗಳ ಮೂಲವನ್ನು ಕುರಿತ ಚರ್ಚೆಗೆ ಅದು ಬೇಕಾದ ಸಂಗತಿ. ಕನ್ನಡಿಗರು ಅವರ ಹಾಸ್ಯವನ್ನು ಗುರುತಿಸಿದರು, ಸಂಶೋಧನೆಯನ್ನು ಸಸ್ಯಶಾಸ್ತ್ರಜ್ಞರಿಗೇ ಬಿಟ್ಟರು.

ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರನ್ನು ರೈತರು ‘ರಾಗಿ ಬ್ರಹ್ಮ’ ಎಂದು ಕರೆದರು. ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟವರು ಅವರು. ರಾಗಿಯ ಹೂ ಸಾಸಿವೆಯಷ್ಟೂ ಇಲ್ಲ. ಅರಳುವುದು ನಡುರಾತ್ರಿ ಕಳೆದು ಬೆಳಕು ಹರಿಯುವ ಮುನ್ನ. ತನ್ನ ಪರಾಗವನ್ನು ತಾನೇ ಪಡೆದು ಮುಚ್ಚಿಕೊಳ್ಳುತ್ತದೆ. ಅದನ್ನು ಸಂಕರಗೊಳಿಸುವುದು ಎಂಥ ತಾಳ್ಮೆಯ ಕೆಲಸವೆಂದು ತಳಿಶಾಸ್ತ್ರ ಓದಿದವರು ಬಲ್ಲರು. ಕೃಷಿ ವಿಜ್ಞಾನಿಗಳೆಂದರೆ ಗೊಬ್ಬರ ಕಂಪನಿಯ ಏಜೆಂಟರು ಎಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದರಲ್ಲಿ ಸತ್ಯವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಬಯಲುಸೀಮೆಯ ಮಳೆಯಾಶ್ರಿತ ಹೊಲಗಳಿಗಾಗಿ ಇಡೀ ಬದುಕನ್ನು ರಾಗಿಗೆ ಕೊಟ್ಟವರನ್ನು ಅದೇ ಸಾಲಿಗೆ ಸೇರಿಸುವುದು ಕೃತಘ್ನತೆ. ನಮ್ಮ ಗದ್ದೆಗಳಲ್ಲೇ ನೋಡಿ: ಬೆಂಕಿರೋಗ ತಡೆಯುತ್ತದೆಂದು ತಲೆಮಾರಿನಿಂದ ಬೆಳೆದ ಇಂಟಾನ್ ಭತ್ತ ಇಂಡೋನೇಷ್ಯಾ ಮೂಲದ್ದೆಂಬುದೇ ಅನೇಕರಿಗೆ ಗೊತ್ತಿಲ್ಲ.

ಇನ್ನೊಂದು ಸಂಗತಿ ನಮ್ಮ ಮನೆ ಬಾಗಿಲಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿದರು, ಅದನ್ನು ಹರಡುವುದು ಉಣುಗು ಎಂದು ಗುರುತಿಸಿದರು. 1969ರಲ್ಲಿ ಜಾರ್ಜ್ ಬೋಷೆಲ್ ಅವರು ಬರೆದದ್ದನ್ನು ಪರಿಸರ ಕಾರ್ಯಕರ್ತರೆಲ್ಲರೂ ಓದಬೇಕು: ಕಾಡು ಕಡಿದು ಗದ್ದೆ ಮಾಡಿ, ಅಂಚಿನಲ್ಲಿ ದನ ಮೇಯಿಸಿದಾಗ, ಬೆಳೆದ ಉಣುಗಿಗೆ ದನದ ರಕ್ತ ಧಾರಾಳವಾಗಿ ಸಿಕ್ಕಿ ಅದರ ಸಂತತಿ ಹೆಚ್ಚುತ್ತದೆ, ಕಾಯಿಲೆ ಮನುಷ್ಯನ ಹತ್ತಿರ ಬರುತ್ತದೆ ಎಂಬ ವಿವರಣೆ ಅದು. ಆ ಕೆಲಸಕ್ಕೆ ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣುಗು ಹಿಡಿಯಬೇಕು, ಸತ್ತ ಮಂಗವನ್ನು ಹುಡುಕಿ ಹೊರಬೇಕು. ಕೈ ನೀಡಿದ ಸ್ಥಳೀಯರಿಗೆ ಅಪಾಯ ಕಡಿಮೆಯಿರಲಿಲ್ಲ. ವೈರಸ್ಸಿಗೆ ನಮ್ಮೂರಿನ ಹೆಸರು ಅಂಟಿತು. ಊರಿನವರ ಹೆಸರು ಪ್ರಬಂಧಗಳ ಕರ್ತೃಗಳ ಸಾಲಿನಲ್ಲಿ ಹುಡುಕಿದರೆ ಸಿಗದು. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಕಾಯಿಲೆ ನಿಂತಿಲ್ಲ.

ಇಂದು ವಿಜ್ಞಾನಿಯ ಬಡ್ತಿ ನಿರ್ಧಾರವಾಗುವುದು ಪ್ರಬಂಧಗಳ ಎಣಿಕೆಯಿಂದ, ಅವು ಅಚ್ಚಾದ ಪತ್ರಿಕೆಯ ಅಂಕದಿಂದ. ಇಪ್ಪತ್ತು ವರ್ಷ ಒಂದೇ ಕಣಿವೆ ಸುತ್ತಿ ಸಸ್ಯಸಂಗ್ರಹಾಲಯಕ್ಕೆ ಹಾಳೆ ಸೇರಿಸಿದವರಿಗೆ ಆ ಲೆಕ್ಕದಲ್ಲಿ ಬೀಳುವುದು ಸೊನ್ನೆಗೆ ಹತ್ತಿರ. ಆದರೆ ಯೋಜನೆಯೊಂದರ ವಿರುದ್ಧ ನಾವು ನ್ಯಾಯಾಲಯಕ್ಕೆ ಹೋದಾಗ ‘ಇಲ್ಲಿ ಈ ಗಿಡವಿದೆ’ ಎಂದು ರುಜುವಾತು ಮಾಡುವುದು ಆ ಹಾಳೆಯೇ, ಅಂಕವಲ್ಲ. ಸಿದ್ದಾಪುರದ ಕತ್ತಲೆಕಾನಿನಲ್ಲಿ ತನ್ನ ಮೊಟ್ಟೆಗಳಿಗೆ ಕೈಯಾರೆ ಕೆಸರು ಮೆತ್ತುವ ಗಂಡು ಕಪ್ಪೆಯನ್ನು 2014ರಲ್ಲಿ ‘ಕುಂಬಾರ’ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಯಿಸಿದ್ದೂ, ರಾತ್ರಿ ಹಳ್ಳದ ಪಕ್ಕ ಕಣ್ಣುಬಿಟ್ಟು ಕುಳಿತು ಮಾಡುವ ಇಂಥದೇ ಕೆಲಸದ ಫಲ.

ಆದ್ದರಿಂದ ಆಯ್ಕೆ ಸಮಿತಿಗೆ ನನ್ನ ಸೂಚನೆಗಳು ಇವು. ಈಗಾಗಲೇ ದೊಡ್ಡ ಪ್ರಶಸ್ತಿ ಪಡೆದವರ ಹೆಗಲಿಗೆ ಇನ್ನೊಂದು ಶಾಲು ಹೊದಿಸುವುದು ಬೇಡ. ಅವರನ್ನು ಉಪನ್ಯಾಸಕ್ಕೆ ಕರೆಯೋಣ. ಬಿನ್ನವತ್ತಳೆಯನ್ನು ವಿಷಯ ಬಲ್ಲ ಇನ್ನೊಬ್ಬ ವಿಜ್ಞಾನಿಯಿಂದ ಬರೆಸಿ, ಅದರಲ್ಲಿ ಒಂದೇ ಒಂದು ಸಂಶೋಧನೆಯನ್ನು ಕನ್ನಡದಲ್ಲಿ ಎರಡು ಪುಟ ವಿವರಿಸಬೇಕು. ವಿಶೇಷಣ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಕ್ಷೇತ್ರಕಾರ್ಯದಲ್ಲಿ ಜೊತೆಗಿದ್ದವರು ಯಾರೆಂದು ಆ ವಿಜ್ಞಾನಿಯನ್ನೇ ಕೇಳಿ, ಮರ ಹತ್ತಿ ಮೊಗ್ಗು ಕಿತ್ತುಕೊಟ್ಟವರನ್ನೂ ಅದೇ ವೇದಿಕೆಗೆ ಕರೆಯಬೇಕು. ಚಳವಳಿಗೆ ಹಿತವಾಗುವ ಮಾತಾಡಿದರೆಂಬುದು ಆಯ್ಕೆಗೆ ಕಾರಣವಾಗಬಾರದು. ನಮಗೆ ಒಪ್ಪಿಗೆಯಾಗದ ಫಲಿತಾಂಶ ಕೊಟ್ಟವರೂ ಪಟ್ಟಿಯಲ್ಲಿರಲಿ. ಈ ಕೊನೆಯದಕ್ಕೆ ಸಭೆಯಲ್ಲಿ ವಿರೋಧ ಬರಬಹುದೆಂದು ಬಲ್ಲೆ. ಚರ್ಚಿಸೋಣ.

ಹಣದ ಬಗ್ಗೆ ಒಂದು ಮಾತು. ಬಳಗ ಕೊಡಬಲ್ಲ ಮೊತ್ತ ಚಿಕ್ಕದು. ಅದನ್ನು ಲಕೋಟೆಯಲ್ಲಿ ಕೊಡುವ ಬದಲು, ಆ ವರ್ಷ ಒಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿ ಆ ವಿಜ್ಞಾನಿಯ ಜೊತೆ ಒಂದು ಮಳೆಗಾಲ ಕಾಡು ಸುತ್ತುವ ಬಸ್ಸಿನ ಖರ್ಚಿಗೆ, ಊಟಕ್ಕೆ ಇಡಬಹುದು. ಮೊದಲ ವರ್ಷದ ಹೆಸರುಗಳನ್ನು ಗೌರಿ ಹಬ್ಬದೊಳಗೆ ಕಳುಹಿಸಿಕೊಟ್ಟರೆ ಸಮಿತಿಗೆ ಅನುಕೂಲವಾಗುತ್ತದೆ.