ಒಂದು ಹಗಲಿನ ಬಸ್ಸು: ಚಿಚೆನ್ ಇಟ್ಸಾದಿಂದ ಹಳೇಬೀಡಿಗೆ

(ಬಾಡ್‌ಹೂವೆಡಾರ್ಪ್‌ನಲ್ಲಿ ಸೇರಿದ್ದ ನಮ್ಮ ಕನ್ನಡ ಕೂಟದ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



"ಮೆಕ್ಸಿಕೋ ಪ್ರವಾಸದ ಬಗ್ಗೆ ಒಂದರ್ಧ ಗಂಟೆ ಮಾತನಾಡಿ, ಡಾಕ್ಟರೇ" ಎಂದು ಕಾರ್ಯದರ್ಶಿಗಳು ಕೇಳಿದಾಗ ನಾನು ತಕ್ಷಣ ಒಪ್ಪಿಕೊಂಡೆ. ಕಡಿಮೆ ಖರ್ಚಿನಲ್ಲಿ, ಮಾರ್ಗದರ್ಶಿಯ ಜೊತೆಯಲ್ಲಿ, ಒಂದೇ ದಿನದಲ್ಲಿ ಮಾಯಾ ಜನರ ಪಾಳುನಗರಿಯನ್ನು ನೋಡಿಬರುವುದು ಹೇಗೆ ಎಂಬುದನ್ನು ತಿಳಿಯಲು ತಮ್ಮಲ್ಲಿ ಹಲವರಿಗೆ ಆಸೆಯಿದೆಯೆಂದು ಅವರು ಹೇಳಿದ್ದರು. ಆದರೆ ಟಿಪ್ಪಣಿ ಮಾಡಿಕೊಳ್ಳಲು ಕುಳಿತಾಗ ಆ ಬಸ್ಸಿನ ಹಿಂದೆಯೇ ಇನ್ನೊಂದು ಬಸ್ಸು ನನ್ನ ಕಣ್ಣ ಮುಂದೆ ಬಂದು ನಿಂತಿತು. ಅದು ಬೆಂಗಳೂರಿನಿಂದ ಶ್ರವಣಬೆಳಗೊಳ, ಬೇಲೂರು, ಹಳೇಬೀಡುಗಳನ್ನು ಒಂದೇ ಹಗಲಿನಲ್ಲಿ ತೋರಿಸಿ ಮರಳುವ ಬಸ್ಸು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಡುವುದು ನನ್ನಿಂದಾಗದು. ಎರಡನೆಯ ಪ್ರವಾಸದಲ್ಲಿ ನಾನೊಂದು ತಪ್ಪು ಮಾಡಿದೆ. ಮೂವತ್ತು ವರ್ಷ ವೈದ್ಯವೃತ್ತಿಯಲ್ಲಿರುವವನು ಮಾಡಬಾರದಂಥ ತಪ್ಪು ಅದು.

ಮೊದಲು ಮೆಕ್ಸಿಕೋ. 2022ರ ಡಿಸೆಂಬರ್ ರಜೆಯಲ್ಲಿ ನಾವು ಮೂವರು ಕಾನ್‌ಕೂನ್ ನಗರದಲ್ಲಿದ್ದೆವು. ಅಲ್ಲಿಂದ ಚಿಚೆನ್ ಇಟ್ಸಾ ಸುಮಾರು 200 ಕಿಲೋಮೀಟರು. ಬಸ್ಸಿನ ಟಿಕೆಟ್ಟು ಬಹಳ ಅಗ್ಗವೆಂದು ಕಂಡಿತು. ನಮ್ಮವರಿಗೆ ಅಗ್ಗವೆಂದರೆ ಕಿವಿ ನಿಮಿರುತ್ತದಲ್ಲವೆ? ಆ ದರದಲ್ಲಿ ಪ್ರವೇಶ ಶುಲ್ಕ ಸೇರಿರಲಿಲ್ಲವೆಂಬುದು ದ್ವಾರದಲ್ಲಿ ತಿಳಿಯಿತು. ಅಲ್ಲಿ ಕೇಂದ್ರ ಸರಕಾರಕ್ಕೊಂದು, ರಾಜ್ಯ ಸರಕಾರಕ್ಕೊಂದು, ಹೀಗೆ ಎರಡು ಶುಲ್ಕಗಳು. ಬೆಳಿಗ್ಗೆ ಆರೂವರೆಗೆ ನಮ್ಮನ್ನು ಹತ್ತಿಸಿಕೊಂಡ ಬಸ್ಸು ಎಂಟು ದಾಟುವವರೆಗೂ ಬೇರೆ ಬೇರೆ ಹೋಟೆಲುಗಳ ಮುಂದೆ ನಿಲ್ಲುತ್ತಲೇ ಇತ್ತು. ದಾರಿಯಲ್ಲಿ ಕುಶಲವಸ್ತುಗಳ ಅಂಗಡಿಯೊಂದರ ಮುಂದೆ ಮುಕ್ಕಾಲು ಗಂಟೆ. ಪುಣ್ಯಕ್ಕೆ ಯುಕಾಟಾನ್ ರಾಜ್ಯದ ಗಡಿಯಾರ ಕಾನ್‌ಕೂನಿಗಿಂತ ಒಂದು ಗಂಟೆ ಹಿಂದಿರುವುದರಿಂದ ಕಳೆದುಹೋದ ಹೊತ್ತಿನಲ್ಲಿ ಸ್ವಲ್ಪ ಮರಳಿ ದೊರೆಯಿತು. ಹದಿನಾಲ್ಕು ಗಂಟೆಗಳ ಪ್ರವಾಸದಲ್ಲಿ ಪಾಳುನಗರಿಗೆಂದು ನಮಗೆ ದಕ್ಕಿದ್ದು ಎರಡು ಗಂಟೆ ಮಾತ್ರ.

ಆ ಎರಡು ಗಂಟೆಗಳು ಚೆನ್ನಾಗಿದ್ದವು. ಎಲ್ ಕಾಸ್ತಿಯೋ ಎಂಬ ಮೆಟ್ಟಿಲು ಪಿರಮಿಡ್ಡಿನ ನಾಲ್ಕು ಮುಖಗಳಲ್ಲಿ ತಲಾ 91 ಮೆಟ್ಟಿಲು. ತುದಿಯ ವೇದಿಕೆ ಸೇರಿದರೆ 365, ಅಂದರೆ ವರ್ಷಕ್ಕೆ ಸರಿಯಾದ ಲೆಕ್ಕ. 2006ರಿಂದ ಅದನ್ನು ಹತ್ತಲು ಯಾರಿಗೂ ಅಪ್ಪಣೆಯಿಲ್ಲ. ಮಾರ್ಗದರ್ಶಿ ನಮ್ಮನ್ನೆಲ್ಲ ಮೆಟ್ಟಿಲುಗಳಿಗೆ ಎದುರಾಗಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಪ್ರತಿಧ್ವನಿ ಹಕ್ಕಿಯ ಚಿಲಿಪಿಲಿಯಂತೆ ಮರಳಿತು. ಕ್ವೆಟ್ಸಾಲ್ ಎಂಬ ಅವರ ಪವಿತ್ರ ಪಕ್ಷಿಯ ಕೂಗಿದು ಎಂದರು. ಅವರು ಆ ನಾಡಿನವರೇ. ಮನೆಯಲ್ಲಿ ಮಾಯಾ ಭಾಷೆಯನ್ನಾಡುವವರು. ಗುಂಪಿನಲ್ಲಿದ್ದ ಒಬ್ಬರು "ಮಾಯಾ ಜನಾಂಗ ಹೇಗೆ ನಾಶವಾಯಿತು?" ಎಂದು ಕೇಳಿದಾಗ ಅವರು ನಕ್ಕು, ತಮ್ಮ ಎದೆಯನ್ನು ಮುಟ್ಟಿ ತೋರಿಸಿದರು. ಯುಕಾಟಾನಿನಲ್ಲಿ ಇಂದಿಗೂ ಲಕ್ಷಾಂತರ ಜನ ಆ ಭಾಷೆಯನ್ನು ಮಾತನಾಡುತ್ತಾರೆ. ಬಿಕೋ ಎನ್ನುತ್ತಿರುವುದು ಊರೇ ಹೊರತು ಜನವಲ್ಲ.

ಅನಂತರ ಸೆನೋಟೆ. ಯುಕಾಟಾನ್ ಸುಣ್ಣಕಲ್ಲಿನ ಬಯಲು. ಮಳೆಯ ನೀರೆಲ್ಲ ನೆಲದೊಳಕ್ಕೆ ಇಂಗುವುದರಿಂದ ಮೇಲೆ ನದಿಗಳು ಹರಿಯುವುದಿಲ್ಲ. ಕಲ್ಲು ಕರಗಿ ಕುಸಿದು ಬಾಯ್ತೆರೆದ ಸಹಜ ಬಾವಿಗಳೇ ಸೆನೋಟೆಗಳು. ಚಿಚೆನ್ ಇಟ್ಸಾ ಎಂಬ ಹೆಸರಿಗೆ 'ಇಟ್ಸಾ ಜನರ ಬಾವಿಯ ಬಾಯಿ' ಎಂದೇ ಅರ್ಥ. ನೀರಿಲ್ಲದಲ್ಲಿ ನೀರನ್ನು ಹುಡುಕಿ ಊರು ಕಟ್ಟಿದವರು ಅವರು. ನಾವಾದರೋ, ಇಂದು ಸಭೆ ಸೇರಿರುವ ಈ ಊರಿನಲ್ಲಿ, ಉಗಿಯಂತ್ರಗಳಿಂದ ನೀರೆತ್ತಿ 1852ರಲ್ಲಿ ಬತ್ತಿಸಿದ ಸರೋವರದ ತಳದಲ್ಲಿ ಕುಳಿತಿದ್ದೇವೆ!

ಮರಳುವಾಗ ನನ್ನ ಮಗಳು, ಆಗ ಹದಿನಾಲ್ಕರವಳು, ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದಳು: "ಅಪ್ಪ, ನಮ್ಮೂರಲ್ಲೂ ಹಿಂಗೆ ಇದೆಯಾ? ಇದ್ರೆ ಯಾಕೆ ತೋರಿಸಿಲ್ಲ?"

ತಾವೇ ಹೇಳಿ, ಏನು ಉತ್ತರ ಕೊಡುವುದು? ನಾವು ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತೇವೆ. ಮೂರು ವಾರದ ರಜೆ. ಅದರಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ, ಬ್ಯಾಂಕಿನ ಕೆಲಸ, ಹಲ್ಲಿನ ಡಾಕ್ಟರು, ಸೀರೆಯಂಗಡಿ. ನಾನು ಹಳೇಬೀಡನ್ನು ಕಂಡದ್ದು ಹೈಸ್ಕೂಲಿನ ಪ್ರವಾಸದಲ್ಲಿ. ನೆನಪಿನಲ್ಲಿ ಉಳಿದದ್ದು ಬುತ್ತಿಯ ಚಿತ್ರಾನ್ನ ಮಾತ್ರ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದ ಐದೂವರೆ ವರ್ಷಗಳಲ್ಲಿ ಸೋಮನಾಥಪುರ ಕೂಗಳತೆಯಲ್ಲಿತ್ತು. ಒಮ್ಮೆಯೂ ಹೋಗಲಿಲ್ಲ. ಆಮೇಲೆ ಅಮೆರಿಕದ ರೆಸಿಡೆನ್ಸಿ, ಅಲ್ಲಿಂದ ಈ ನಾಡು.

ಆದ್ದರಿಂದ 2024ರಲ್ಲಿ, ಇಲ್ಲಿನ ಮೇ ರಜೆಗೆ ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದಾಗ, ಒಂದು ದಿನವನ್ನು ಇದಕ್ಕೆಂದೇ ಮೀಸಲಿಟ್ಟೆ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದವು. ಕಾರು ಗೊತ್ತುಮಾಡುತ್ತೇನೆಂದೆ. ನನ್ನ ತಾಯಿ ಒಪ್ಪಲಿಲ್ಲ. ಅವರಿಗೆ ಆಗ ಎಪ್ಪತ್ತೆಂಟು. "ಕಾರಲ್ಲಿ ನೀನು ಫೋನ್ ನೋಡ್ತಾ ಕೂತಿರ್ತೀಯ ಕಣಪ್ಪ. ಬಸ್ಸಾದ್ರೆ ಹೇಳೋರು ಒಬ್ಬರಿರ್ತಾರೆ, ನಾಲ್ಕು ಜನದ ಮಾತೂ ಇರುತ್ತೆ" ಎಂದರು. ಅಗ್ಗದ ಪ್ರವಾಸದ ಸಾರವನ್ನು ನನಗಿಂತ ಚೆನ್ನಾಗಿ ಅವರು ಬಲ್ಲರು.

ಬೆಳಿಗ್ಗೆ ಆರೂವರೆಗೆ ಬಸ್ಸು ಹೊರಟಿತು. ಒಳಗೆ ಸುಮಾರು ಮೂವತ್ತು ಮಂದಿ. ನಿವೃತ್ತ ಉಪಾಧ್ಯಾಯ ದಂಪತಿಗಳು, ಬಂಗಾಳದ ಒಂದು ಕುಟುಂಬ, ಹೊಸದಾಗಿ ಮದುವೆಯಾದ ಒಂದು ಜೋಡಿ. ಎಲ್ಲ ಸೇರಿ 450 ಕಿಲೋಮೀಟರಿಗೂ ಹೆಚ್ಚಿನ ದಾರಿ. ಮೊದಲು ಶ್ರವಣಬೆಳಗೊಳ. ವಿಂಧ್ಯಗಿರಿಗೆ ಆರುನೂರಕ್ಕೂ ಮಿಕ್ಕ ಮೆಟ್ಟಿಲು, ನಮಗೆ ಕೊಟ್ಟದ್ದು ಒಂದೂಕಾಲು ಗಂಟೆ. ಡೋಲಿಯಲ್ಲಿ ಕೂರಲು ತಾಯಿ ಸುತರಾಂ ಒಪ್ಪದೆ, ಬುಡದಲ್ಲಿ ಕಲ್ಯಾಣಿಯ ಬಳಿ ನೆರಳಿನಲ್ಲಿ ಕುಳಿತರು. ನಾನೂ ಮಗಳೂ ಏದುಸಿರು ಬಿಡುತ್ತ ಹತ್ತಿ ಗೊಮ್ಮಟನನ್ನು ಕಂಡು, ಪಾದದ ಎರಡೂ ಬದಿಯ ಶಾಸನಗಳನ್ನು ನೋಡಿ ಓಡೋಡಿ ಇಳಿದೆವು. ಹತ್ತುವ ಮುನ್ನ ಕಾಲುಚೀಲ ಮಾರುವ ಹುಡುಗನೊಬ್ಬ ಬೆನ್ನು ಹತ್ತಿದ್ದ. "ಕಲ್ಲು ಸುಡುತ್ತೆ ಸಾರ್, ತಗೊಳ್ಳಿ, ಅಜ್ಜಿಗಾದ್ರೂ ತಗೊಳ್ಳಿ." ಬೇಡವೆಂದು ಕೈಯಾಡಿಸಿದೆ. ಪ್ರವಾಸಿಗಳನ್ನು ಸುಲಿಯುವ ವ್ಯಾಪಾರವಿದು ಎಂದುಕೊಂಡೆ.

ಬೇಲೂರು ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಏಪ್ರಿಲ್ ಕೊನೆಯ ಬಿಸಿಲು. ಗರ್ಭಗುಡಿಯ ಬಾಗಿಲು ಮುಚ್ಚಿದ ಹೊತ್ತು. ಹೊರಗೋಡೆಯ ಶಿಲ್ಪಗಳನ್ನು ನೋಡಲು ಅಡ್ಡಿಯಿರಲಿಲ್ಲ. ಚಪ್ಪಲಿ ಗೋಪುರದ ಹೊರಗೆ. ವಿಶಾಲವಾದ ಕಲ್ಲುಹಾಸಿನ ಅಂಗಳದಲ್ಲಿ ಅಲ್ಲಲ್ಲಿ ಹಾಸು ಹಾಸಿದ್ದರು. ಆದರೆ ಮಾರ್ಗದರ್ಶಿ ಎಲ್ಲಿ ನಿಲ್ಲುತ್ತಾರೋ ಅಲ್ಲಿ ಹಾಸು ಇರಬೇಕೆಂದು ಎಲ್ಲಿದೆ? ಅವರು 1117ರಲ್ಲಿ ವಿಷ್ಣುವರ್ಧನ ಈ ಗುಡಿಯನ್ನು ಪ್ರತಿಷ್ಠೆ ಮಾಡಿಸಿದ್ದನ್ನು ಹೇಳಿದರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಡುಸಾಗುವುದನ್ನೂ, ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕೆತ್ತಿಟ್ಟುಹೋದದ್ದನ್ನೂ ವಿವರಿಸಿದರು. ಅಡಿಪಾಯವಿಲ್ಲದೆ ನಿಂತಿರುವ ಎತ್ತರದ ಕಂಬದ ಮೂಲೆಯ ಅಡಿಯಲ್ಲಿ ಕಾಗದವೊಂದನ್ನು ತೂರಿಸಿ ತೋರಿಸಿದಾಗ ಮಗಳು ನನ್ನ ಕಡೆ ನೋಡಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಚಿಚೆನ್ ಇಟ್ಸಾದ ಹಕ್ಕಿಯನ್ನು ನೆನಪಿಸಿದ್ದಳು.

ನಾವೆಲ್ಲ ಕಾಲು ಕಾಲು ಎತ್ತಿಡುತ್ತ, ನೆರಳಿಗೆ ಹಾರುತ್ತ ಕೇಳುತ್ತಿದ್ದೆವು. ನನ್ನ ತಾಯಿಯೊಬ್ಬರೇ ಬಿಸಿಲಿನಲ್ಲಿ ಕದಲದೆ ನಿಂತು ಮದನಿಕೆಯರನ್ನು ನೋಡುತ್ತಿದ್ದರು. "ನೋಡು, ಅಜ್ಜಿಗೆ ಎಷ್ಟು ಶಕ್ತಿ" ಎಂದು ಮಗಳಿಗೆ ಹೇಳಿದೆ. ಮಹನೀಯರೇ, ಆ ಮಾತನ್ನಾಡಿದವನು ವೈದ್ಯ. ಅವರಿಗೆ ಇಪ್ಪತ್ತೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವುದನ್ನು ಬಲ್ಲವನು.

ಹಳೇಬೀಡು ಅಲ್ಲಿಂದ 16 ಕಿಲೋಮೀಟರು. ಒಂದು ಕಾಲದ ದ್ವಾರಸಮುದ್ರ, ದೊಡ್ಡ ಕೆರೆಯ ಬದಿಯ ಹೊಯ್ಸಳ ರಾಜಧಾನಿ. ಹದಿನಾಲ್ಕನೆಯ ಶತಮಾನದ ದಾಳಿಗಳ ನಂತರ ಹಾಳುಬಿದ್ದು ಈ ಹೆಸರು ಪಡೆಯಿತು. ಹೊಯ್ಸಳೇಶ್ವರನ ಗೋಡೆಯಲ್ಲಿ ಕೆಳಗಿನಿಂದ ಆನೆಗಳ ಸಾಲು, ಸಿಂಹಗಳು, ಕುದುರೆಗಳು, ಅದರ ಮೇಲೆ ಕಥೆಗಳು. ಇಲ್ಲಿ ನನ್ನ ತಾಯಿ ಮಾರ್ಗದರ್ಶಿಗಿಂತ ಮುಂದಾದರು. ಚಕ್ರವ್ಯೂಹದ ಫಲಕದ ಮುಂದೆ ಮೊಮ್ಮಗಳ ಭುಜ ಹಿಡಿದು ನಿಂತು, ತಾಯಿಯ ಹೊಟ್ಟೆಯಲ್ಲಿದ್ದಾಗ ಕೇಳಿದ್ದರಿಂದ ಒಳಗೆ ಹೋಗುವುದಷ್ಟೇ ಗೊತ್ತಿದ್ದು ಹೊರಬರಲು ತಿಳಿಯದ ಅಭಿಮನ್ಯುವಿನ ಕಥೆಯನ್ನು ಹೇಳತೊಡಗಿದರು. ಉಪಾಧ್ಯಾಯ ದಂಪತಿಗಳು ಬಂದು ನಿಂತರು, ಬಂಗಾಳದವರು ಬಂದರು. ಕೊನೆಗೆ ಮಾರ್ಗದರ್ಶಿಯೂ ತಮ್ಮ ಮಾತು ನಿಲ್ಲಿಸಿ, "ಅಮ್ಮ, ನೀವೇ ಹೇಳಿ" ಎಂದರು. ಕೈಲಾಸವನ್ನೆತ್ತುವ ರಾವಣ, ಗೋವರ್ಧನವನ್ನೆತ್ತುವ ಕೃಷ್ಣ, ಹೀಗೆ ಜಗತಿಯ ಮೇಲೆ ಬರಿಗಾಲಿನಲ್ಲಿ ಗುಡಿಯನ್ನು ಸುತ್ತಿದರು. ಹದಿನಾರು ವರ್ಷಗಳಲ್ಲಿ ನಾನು ಮಗಳಿಗೆ ಕೊಡಲಾಗದ್ದನ್ನು ಅವರು ಒಂದು ಗಂಟೆಯಲ್ಲಿ ಕೊಟ್ಟರು. ಅಷ್ಟೂ ಹೊತ್ತು ಅವರು ಸುಟ್ಟ ಅಂಗಾಲುಗಳ ಮೇಲೆ ನಡೆಯುತ್ತಿದ್ದರೆಂಬುದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ತಿಳಿದದ್ದು ರಾತ್ರಿ ಹನ್ನೊಂದಕ್ಕೆ, ಮನೆಯಲ್ಲಿ. ಕಾಲು ತೊಳೆದು ಬಂದ ಅಜ್ಜಿಯ ಹೆಜ್ಜೆಯ ಗುರುತುಗಳಲ್ಲಿ ಒಂದು ಬಗೆಯ ಅಂಟು ಇರುವುದನ್ನು ಕಂಡವಳು ಮಗಳು. ಬಲಗಾಲಿನ ಬೆರಳುಗಳ ಬುಡದಲ್ಲಿ ದೊಡ್ಡ ಬೊಬ್ಬೆಯೊಂದು ಒಡೆದಿತ್ತು. ಎಡಗಾಲಿನಲ್ಲಿ ಎರಡು ಬೊಬ್ಬೆಗಳು. "ನೋವಾಗ್ತಿಲ್ವಾ?" ಎಂದರೆ "ಇಲ್ವಲ್ಲೋ" ಎಂದರು.

ಸಕ್ಕರೆ ಕಾಯಿಲೆ ಬಹುಕಾಲವಿದ್ದಾಗ ಪಾದದ ನರಗಳು ಮೆಲ್ಲನೆ ಮರಗಟ್ಟುತ್ತವೆ. ಮೊದಲು ಜುಮುಗುಡುವುದು, ಆಮೇಲೆ ಸ್ಪರ್ಶವೇ ಇಲ್ಲವಾಗುವುದು. ನಡುಹಗಲಿನ ಕಲ್ಲು 50 ಡಿಗ್ರಿ ದಾಟುವುದು ಕಷ್ಟವಲ್ಲ, ಆ ಶಾಖದಲ್ಲಿ ಚರ್ಮ ಸುಡಲು ಕೆಲವೇ ನಿಮಿಷ ಸಾಕು. ನಮ್ಮನ್ನು ಕುಣಿಸಿ ಕಾಪಾಡಿದ್ದು ನೋವು. ಅವರಿಗೆ ಆ ಕಾವಲುಗಾರನಿರಲಿಲ್ಲ. ಇದನ್ನು ಪತ್ತೆಮಾಡಲು ಒಂದು ನೈಲಾನ್ ಎಳೆ ಸಾಕು. ಅಂಗಾಲಿಗೆ ಅದನ್ನು ಒತ್ತಿ, ಗೊತ್ತಾಯಿತೇ ಎಂದು ಕೇಳುವುದು, ಅಷ್ಟೆ. ನನ್ನ ರೋಗಿಗಳಿಗೆ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ನನ್ನ ತಾಯಿಗೆ ಒಮ್ಮೆಯೂ ಮಾಡಿರಲಿಲ್ಲ. ವಾರ ವಾರ ದೂರವಾಣಿಯಲ್ಲಿ ಸಕ್ಕರೆಯ ಅಂಕಿ ಕೇಳಿ, ಮಾತ್ರೆಯ ಪ್ರಮಾಣ ಹೇಳಿ, ನನ್ನ ಕರ್ತವ್ಯ ಮುಗಿಯಿತೆಂದುಕೊಂಡಿದ್ದೆ.

ಗಾಯ ಮಾಯಲು ಏಳು ವಾರ ಹಿಡಿಯಿತು. ಹತ್ತನೆಯ ದಿನ ನಾನು ವಿಮಾನ ಹತ್ತಬೇಕಾಯಿತು. ಉಳಿದ ದಿನಗಳ ಪಟ್ಟಿ ಕಟ್ಟಿದವಳು ನನ್ನ ತಂಗಿ. ಅವಳು ಕಳುಹಿಸುತ್ತಿದ್ದ ಪಾದದ ಚಿತ್ರಗಳನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನೋಡುತ್ತಿದ್ದೆ. ಎರಡು ಬೆರಳು ಕಳೆದುಕೊಂಡವರನ್ನೂ, ಮೊಣಕಾಲಿನ ಕೆಳಗೆ ಕಾಲನ್ನೇ ಕಳೆದುಕೊಂಡವರನ್ನೂ ಬಲ್ಲ ನನಗೆ ಆ ಏಳು ವಾರ ಹೇಗೆ ಕಳೆದವೆಂದು ತಾವು ಊಹಿಸಬಹುದು.

ಹಾಗಾದರೆ ಅಗ್ಗದ ಬಸ್ಸು ಬೇಡವೆ? ಖಂಡಿತ ಬೇಕು. ಆದರೆ ಅದರ ವೇಳಾಪಟ್ಟಿಯನ್ನು ಮೊದಲೇ ಕೇಳಿಕೊಳ್ಳಿ, ನಡುಹಗಲು ಹನ್ನೆರಡರಿಂದ ಮೂರರವರೆಗೆ ಅದು ತಮ್ಮನ್ನು ಎಲ್ಲಿ ನಿಲ್ಲಿಸುತ್ತದೆಂದು. ಮೆಕ್ಸಿಕೋದಲ್ಲಿ ಬೂಟು ಕಾಲಿನಲ್ಲಿಯೇ ಇರುತ್ತದೆ, ಅಲ್ಲಿ ಟೋಪಿ ಮತ್ತು ನೀರಿನ ಚಿಂತೆ. ನಮ್ಮ ಗುಡಿಗಳಲ್ಲಿ ಪಾದದ ಚಿಂತೆ. ವಯಸ್ಸಾದವರಿಗೆ ದಪ್ಪನೆಯ ಹತ್ತಿಯ ಕಾಲುಚೀಲ ಎರಡು ಜೊತೆ ಇರಲಿ. ಸಂಜೆ ಅಂಗಾಲನ್ನು ಬೇರೊಬ್ಬರು ದೀಪದಲ್ಲಿ ನೋಡಲಿ. ಬೊಬ್ಬೆ ಬಂದರೆ ಒಡೆಯಬೇಡಿ, ಹಲ್ಲುಪುಡಿ, ಪೇಸ್ಟು, ಮಂಜುಗಡ್ಡೆ ಏನನ್ನೂ ಹಚ್ಚಬೇಡಿ. ಸುಟ್ಟ ಕೂಡಲೇ ಗೊತ್ತಾದರೆ ಸಾಧಾರಣ ತಣ್ಣೀರು ಹರಿಸಿ, ಅಂದೇ ವೈದ್ಯರಿಗೆ ತೋರಿಸಿ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಚೀಲದಲ್ಲಿ ತಿಂಡಿಯಿರಲಿ. ಬಸ್ಸಿನ ಊಟದ ಹೊತ್ತನ್ನು ಯಾರೂ ನಂಬುವಂತಿಲ್ಲ.

ಬಸ್ಸು ಬಿಟ್ಟುಹೋಗುವ ಜಾಗಗಳೂ ಇವೆ. ಹಳೇಬೀಡಿನಲ್ಲೇ ಹತ್ತಿರದಲ್ಲಿರುವ ಜೈನ ಬಸದಿಗಳ ಕನ್ನಡಿಯಂಥ ಕಂಬಗಳನ್ನು ನಮ್ಮ ಬಸ್ಸು ತೋರಿಸಲಿಲ್ಲ. ಬೇಲೂರು ತಾಲ್ಲೂಕಿನದೇ ಆದ ಹಲ್ಮಿಡಿಗೂ ಹೋಗಲಿಲ್ಲ. ಕ್ರಿ.ಶ. 450ರ ಸುಮಾರಿನ ಕನ್ನಡ ಶಾಸನ ಸಿಕ್ಕ ಊರದು. ಮೂಲ ಕಲ್ಲು ಮೈಸೂರಿನಲ್ಲಿದ್ದರೂ ಪ್ರತಿಕೃತಿ ಊರಿನಲ್ಲಿದೆ. ಇನ್ನು ಮಾಯಾ ಲಿಪಿಯ ನಂಟು ಬೇಕಾದವರಿಗೆ ಮೆಕ್ಸಿಕೋವರೆಗೆ ಹೋಗುವ ಅಗತ್ಯವೂ ಇಲ್ಲ. 1864ರಲ್ಲಿ ಗ್ವಾಟೆಮಾಲಾದಲ್ಲಿ ಸಿಕ್ಕ, ಕ್ರಿ.ಶ. 320ರ ದಿನಾಂಕವನ್ನು ಹೊತ್ತ ಹಸಿರುಕಲ್ಲಿನ ಪುಟ್ಟ ಫಲಕ ಇಲ್ಲೇ ಲೈಡನ್ನಿನ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಸ್ಕಿಪೋಲಿನಿಂದ ರೈಲಿನಲ್ಲಿ ಕಾಲು ಗಂಟೆಯ ದಾರಿ. ಇದಕ್ಕಿಂತ ಅಗ್ಗದ ಪ್ರವಾಸವನ್ನು ನಾನು ಹೇಳಲಾರೆ.

ಕಳೆದ ಸಲ ಊರಿಗೆ ಹೋದಾಗ ತಾಯಿಯೇ ಸೋಮನಾಥಪುರದ ಮಾತೆತ್ತಿದರು. ಈ ಬಾರಿ ನಾನು ಹಟ ಹಿಡಿದು ಕಾರನ್ನೇ ಗೊತ್ತುಮಾಡಿದೆ. ಹಿಂದಿನ ರಾತ್ರಿ ಮೈಸೂರಿನಲ್ಲಿ ತಂಗಿ, ಬೆಳಿಗ್ಗೆ ಒಂಬತ್ತಕ್ಕೆ ಗುಡಿಯೊಳಗೆ ಹೋಗಿ, ಬಿಸಿಲೇರುವ ಮುನ್ನ ಹೊರಬಂದೆವು. ಅವರ ಕಾಲಿನಲ್ಲಿ ಎರಡೆರಡು ಕಾಲುಚೀಲ. 1258ರ ಆ ಕೇಶವ ದೇವಾಲಯವನ್ನು ನಾವು ನಾಲ್ಕೇ ಮಂದಿ ನಿಧಾನವಾಗಿ ಸುತ್ತಿದೆವು. ಸಂಜೆ ಅಂಗಾಲು ನೋಡಿದೆ, ಒಂದು ಗೀರೂ ಇರಲಿಲ್ಲ. ಹೇಗಿತ್ತಮ್ಮ ಎಂದು ಕೇಳಿದೆ.

"ಚೆನ್ನಾಗಿತ್ತಪ್ಪ" ಎಂದರು. "ಆದ್ರೆ ಬಸ್ಸಲ್ಲಿ ಬಂದಿದ್ರೆ ಇನ್ನೂ ನಾಲ್ಕು ಜನ ಇರ್ತಿದ್ರು."

 ಊಟಕ್ಕೆ ಮುನ್ನ ಯಾರಾದರೂ ಅಂಗಾಲು ತೋರಿಸಬೇಕೆಂದಿದ್ದರೆ, ನೈಲಾನ್ ಎಳೆ ನನ್ನ ಜೇಬಿನಲ್ಲಿದೆ.