ಚೆಂಡು ಯಾರ ಅಂಗಳದಲ್ಲಿದೆ?

(ಹೊಸಪೇಟೆಯಲ್ಲಿ ಕೂಡಿದ ಗಿರಣಿ ಕೆಲಸಗಾರರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ನಾವು ಮಾತಾಡಿದಾಗಲೆಲ್ಲ ಕೂಲಿ, ಬೋನಸ್ಸು, ಕಾಲುವೆಯ ನೀರು, ಅಂಗಡಿಯ ತೆರಿಗೆ ಇವೇ ವಿಷಯ. ಈ ಸಲ ಕಾಲ್ಚೆಂಡಿನ ವಿಷಯ ಎಂದು ತಿಳಿದು ಹಿರಿಯರೊಬ್ಬರು ನಕ್ಕರು. "ಹೊಟ್ಟೆಯ ಮಾತು ಮುಗಿಯಿತೇ, ಕಾಲಿನ ಮಾತಿಗೆ ಬಂದಿರಾ?" ಎಂದರು. ಹೊಟ್ಟೆಯ ಮಾತು ಮುಗಿದಿಲ್ಲ, ಮುಗಿಯುವಂಥದೂ ಅಲ್ಲ. ಆದರೆ ಪಾಳಿ ಮುಗಿಸಿ ಬಂದ ಮನುಷ್ಯನಿಗೆ ಸಂಜೆಯೆಂಬುದೊಂದು ಉಂಟು. ಆ ಸಂಜೆ ಯಾರದು ಎಂಬುದೂ ಕೂಲಿಯಷ್ಟೇ ದೊಡ್ಡ ಪ್ರಶ್ನೆ. ಅದಕ್ಕಾಗಿ ಈ ಮಾತು.

ಚೆಂಡಿನ ಕಥೆ ನಮ್ಮ ಸೀಮೆಗೆ ಹೊಸದಲ್ಲ. ಕಂಪಿಲರಾಯನ ಮಗ ಕುಮಾರರಾಮನ ಕಥೆ ಕೇಳದೆ ಬೆಳೆದವರು ಕಂಪ್ಲಿಯ ಕಡೆ ಯಾರಿದ್ದಾರೆ? ರಾಮ ಗೆಳೆಯರೊಡನೆ ಚೆಂಡಾಡುತ್ತಿದ್ದಾಗ ಅದು ಹಾರಿ ಅವನ ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದಿತು. ತರಲು ಹೋದವನು ಸಂಕಟಕ್ಕೆ ಸಿಕ್ಕಿದ. ಇತಿಹಾಸದ ಕಂಪಿಲಿ ರಾಜ್ಯ 1327ರ ಹೊತ್ತಿಗೆ ದಿಲ್ಲಿಯ ಸುಲ್ತಾನನ ದಂಡಿಗೆ ಬಿದ್ದಿತು. ಕಥೆಯ ರಾಮ ಇಂದಿಗೂ ಜನರ ಬಾಯಲ್ಲಿ ಇದ್ದಾನೆ. ಆ ಕಥೆಯಿಂದ ನಾವು ಒಂದೇ ಮಾತನ್ನು ಎತ್ತಿಕೊಳ್ಳುತ್ತೇವೆ: ಬಯಲಿನಲ್ಲಿ ಆಡುತ್ತಿದ್ದ ಚೆಂಡು ಅರಮನೆಯ ಅಂಗಳಕ್ಕೆ ಬಿದ್ದರೆ ಅದನ್ನು ಮರಳಿ ತರುವುದು ಸುಲಭವಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಮಲ್ಲರು ಕಾದುತ್ತಿದ್ದಾರೆ, ಬೇಟೆಗಾರರು ಓಡುತ್ತಿದ್ದಾರೆ. ಆದರೆ ಆ ದಿಬ್ಬ ಕಟ್ಟಿದ್ದು ರಾಯರು ಕೂತು ನೋಡಲು. ಆಡುವವರು ಕೆಳಗೆ, ಆಡಿಸುವವರು ಮೇಲೆ. ಈ ಏರ್ಪಾಡು ಅಂದಿಗೇ ಮುಗಿಯಿತೆಂದು ತಿಳಿಯಬೇಡಿ.

ಕಾಲ್ಚೆಂಡನ್ನು ಈ ನಾಡಿಗೆ ತಂದವರು ಇಂಗ್ಲಿಷರ ಪಲ್ಟನ್ನುಗಳು. ಮುಂಬಯಿಯಲ್ಲಿ 1891ರಲ್ಲಿ ರೋವರ್ಸ್ ಕಪ್ ಎಂಬ ಪಂದ್ಯಾಟ ಆರಂಭವಾಯಿತು. ನಾಲ್ಕು ದಶಕ ಮೀರಿ ಅದು ಬಿಳಿಯ ಸೋಲ್ಜರರ ಸೊತ್ತೇ ಆಗಿದ್ದಿತು. ಅದನ್ನು ಮೊದಲು ಕಿತ್ತುಕೊಂಡ ಭಾರತೀಯ ತಂಡ ಯಾವುದು? ಕಲಕತ್ತೆಯದಲ್ಲ, ಮುಂಬಯಿಯದಲ್ಲ. 1937ರಲ್ಲಿ ನಮ್ಮ ಬೆಂಗಳೂರಿನ ಬೆಂಗಳೂರ್ ಮುಸ್ಲಿಮ್ಸ್ ತಂಡ ಅದನ್ನು ಗೆದ್ದಿತು; 1938ರಲ್ಲಿ ಮತ್ತೊಮ್ಮೆ ಗೆದ್ದಿತು. ದಂಡಿನ ಪೇಟೆಯ ಗಲ್ಲಿಗಳ ಹುಡುಗರು ದಂಡನ್ನೇ ಸೋಲಿಸಿದರು.

ಹನ್ನೊಂದು ವರ್ಷದ ತರುವಾಯ, 1948ರಲ್ಲಿ, ಸ್ವತಂತ್ರ ಭಾರತ ಲಂಡನ್ನಿನ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರ ಕಾಲಿನಲ್ಲಿ ಬೂಟು ಇರಲಿಲ್ಲ. ಎರಡು ಪೆನಾಲ್ಟಿ ಕೈತಪ್ಪಿ, 2-1ರಲ್ಲಿ ಸೋಲಾಯಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47ರಲ್ಲಿ, 1952-53ರಲ್ಲಿ, ಬಳಿಕ 1967-68 ಮತ್ತು 1968-69ರಲ್ಲಿ ಸಾಲಾಗಿ ಗೆದ್ದಿತು. ಮುಂದಿನ ಗೆಲುವಿಗೆ ನಾವು 54 ವರ್ಷ ಕಾದೆವು. 2023ರ ಮಾರ್ಚಿಯಲ್ಲಿ, ಸೌದಿ ಅರೇಬಿಯದ ರಿಯಾಧಿನಲ್ಲಿ, ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿತು.

ಈ 54 ವರ್ಷ ಏನಾಯಿತು? ಹುಡುಗರ ಕಾಲಿನಲ್ಲಿ ಕಸುವು ಆರಿತೇ? ಹಾಗಲ್ಲ. ಒಂದು ಕಾಲದಲ್ಲಿ ಬೆಂಗಳೂರಿನ ಆಟವನ್ನು ಹೊತ್ತು ನಿಂತವು ಸರ್ಕಾರಿ ಕಾರ್ಖಾನೆಗಳು. ವಿಮಾನ ಕಾರ್ಖಾನೆಗೆ ಒಂದು ತಂಡ, ಟೆಲಿಫೋನ್ ಕಾರ್ಖಾನೆಗೆ ಒಂದು ತಂಡ. ಚೆನ್ನಾಗಿ ಆಡುವ ಬಡವರ ಹುಡುಗನಿಗೆ ಅಲ್ಲಿ ನೌಕರಿ. ಬೆಳಿಗ್ಗೆ ಅಭ್ಯಾಸ, ಆಮೇಲೆ ಹಾಜರಿ. ಆಟ ನಿಂತ ಮೇಲೆಯೂ ಸಂಬಳ, ಕೊನೆಗೆ ನಿವೃತ್ತಿಯ ಹಣ. ಕಾಲು ಮುರಿದರೆ ಬಾಳು ಮುರಿಯುತ್ತಿರಲಿಲ್ಲ. ಸಾರ್ವಜನಿಕ ರಂಗ ಸೊರಗಿದಂತೆ ಆ ತಂಡಗಳೂ ಸೊರಗಿದವು. ಎಚ್‌ಎಎಲ್ ತಂಡ 2010ರಿಂದ 2012ರವರೆಗೆ ಎರಡು ಹಂಗಾಮು ದೇಶದ ಮೇಲ್ತರಗತಿಯ ಐ-ಲೀಗಿನಲ್ಲಿ ಆಡಿ ಕೆಳಗಿಳಿಯಿತು. ಕಾರ್ಖಾನೆ ಸೊರಗಿದರೆ ಊರಿಗೆ ಏನಾಗುತ್ತದೆಂದು ಹೊಸಪೇಟೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಅಣೆಕಟ್ಟಿನ ಬಾಗಿಲುಗಳನ್ನು ಮಾಡುತ್ತಿದ್ದ ಕಾರ್ಖಾನೆಯೂ ಸಕ್ಕರೆಯ ಕಾರ್ಖಾನೆಯೂ ಬಾಗಿಲು ಹಾಕಿದ್ದನ್ನು ನಾವೇ ನಿಂತು ನೋಡಿದ್ದೇವೆ.

ಈಗ ನಮ್ಮ ಮಗ್ಗುಲಿನ ಮಾತಿಗೆ ಬರೋಣ. ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ ಸರ್ಕಾರಿ ಉಕ್ಕಿನ ಕಾರ್ಖಾನೆ ಆಗುವುದೆಂದು 1971ರಲ್ಲಿ ಇಂದಿರಾ ಗಾಂಧಿಯವರು ಅಡಿಗಲ್ಲಿಟ್ಟರು. ಕಲ್ಲು ಇದ್ದಲ್ಲೇ ಇದ್ದಿತು, ಕಾರ್ಖಾನೆ ಬರಲಿಲ್ಲ. ಕೊನೆಗೆ 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಎಂಬ ಖಾಸಗಿ ಕಂಪನಿ ಹುಟ್ಟಿ, ಕುಲುಮೆ ಉರಿಯಿತು. ಅದೇ ಜೆಎಸ್‌ಡಬ್ಲ್ಯೂ ಬಳಗ 2013ರ ಜುಲೈಯಲ್ಲಿ ಬೆಂಗಳೂರು ಎಫ್‌ಸಿ ಎಂಬ ಕಾಲ್ಚೆಂಡಿನ ಕ್ಲಬ್ಬನ್ನು ಆರಂಭಿಸಿತು. ಎಂದರೆ, ನಮ್ಮ ಗುಡ್ಡದ ಅದಿರಿಗೂ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಗೋಲಿಗೂ ನಂಟುಂಟು.

ಕ್ಲಬ್ಬು ಮಾಡಿದ ಸಾಧನೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಆಷ್ಲಿ ವೆಸ್ಟ್‌ವುಡ್ ಎಂಬ ತರಬೇತುದಾರನ ಕೈಕೆಳಗೆ, ಸುನಿಲ್ ಛೇತ್ರಿಯವರ ನಾಯಕತ್ವದಲ್ಲಿ, ಹುಟ್ಟಿದ ಮೊದಲ ಹಂಗಾಮಿನಲ್ಲೇ, 2013-14ರಲ್ಲಿ, ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಮಲೇಷ್ಯದ ಜೊಹೊರ್ ತಂಡವನ್ನು ಸೋಲಿಸಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿದ ಮೊದಲ ಭಾರತೀಯ ಕ್ಲಬ್ಬಾಯಿತು. ದೋಹಾದಲ್ಲಿ ಇರಾಕಿನ ವಾಯುದಳದ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಸೇರಿ 2018-19ರಲ್ಲಿ ಅದನ್ನೂ ಗೆದ್ದಿತು. 2022ರಲ್ಲಿ ಡ್ಯೂರಾಂಡ್ ಕಪ್ ಗೆದ್ದಿತು. 2018ರಲ್ಲಿ ಅದೇ ಬಳಗ ನಮ್ಮ ಮಗ್ಗುಲಲ್ಲೇ ಕ್ರೀಡಾ ತರಬೇತಿಯ ದೊಡ್ಡ ಸಂಸ್ಥೆಯೊಂದನ್ನು ತೆರೆಯಿತು. ಕ್ಲಬ್ಬಿನ ಆಟಗಾರರು ಹಂಗಾಮಿಗೆ ಮೊದಲು ಬಂದು ಮೈ ಹದಮಾಡಿಕೊಳ್ಳುವುದು ಅಲ್ಲೇ. ಹಣವಿದ್ದವರು ಆಟಕ್ಕೆ ಹಣ ಹಾಕಿದರೆ ನಾವು ಅಳುವುದಿಲ್ಲ.

ನಾವು ಕೇಳುವ ಪ್ರಶ್ನೆ ಬೇರೆ. ಕ್ಲಬ್ಬು ಯಾರದು?

2025ರ ಬೇಸಗೆ ಇದಕ್ಕೆ ಉತ್ತರ ಹೇಳಿತು. ಸೂಪರ್ ಲೀಗನ್ನು ಆಗ ನಡೆಸುತ್ತಿದ್ದ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟಕ್ಕೂ ಇದ್ದ ಒಪ್ಪಂದ ಮುಂದುವರಿಯುವುದೋ ಇಲ್ಲವೋ ಗೊತ್ತಾಗದೆ, ಜುಲೈಯಲ್ಲಿ ಹಂಗಾಮನ್ನೇ ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ, ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಎಳೆಯರ ತಂಡಗಳಿಗೆ ಇದು ತಟ್ಟುವುದಿಲ್ಲವೆಂದೂ ಹೇಳಿತು; ಅಷ್ಟರ ಮಟ್ಟಿಗೆ ಮೆಚ್ಚಬೇಕು. ಆದರೆ ಯೋಚಿಸಿ. ದೇಶವೆಲ್ಲ ಹೆಸರು ಹಿಡಿದು ಕೂಗುವ ಆಟಗಾರನ ಪಾಡು, ಗೇಟಿನಲ್ಲಿ ನೋಟೀಸು ಓದುವ ನಮ್ಮ ಗಿರಣಿಯವನ ಪಾಡಿಗಿಂತ ಬೇರೆ ಏನಾಯಿತು? ಅವನ ಅಂಗಿಯ ಬಣ್ಣ ಚೆಲುವು, ಅಷ್ಟೆ. ಬೆವರು ಹರಿಸುವವನಿಗೆ, ಟಿಕೆಟು ಕೊಂಡು ಕೂಗುವವನಿಗೆ, ತೀರ್ಮಾನದ ಮೇಜಿನಲ್ಲಿ ಸ್ಥಾನವಿರಲಿಲ್ಲ. ದಿಬ್ಬದ ಮೇಲೆ ಕೂತವರು ಮಾತಾಡಿಕೊಳ್ಳುವ ತನಕ ಕೆಳಗೆ ಆಟ ನಿಂತಿತು.

ಬೇರೆ ದಾರಿ ಇಲ್ಲವೇ? ಇಂಡೋನೇಷ್ಯದ ಕಡೆ ನೋಡೋಣ. ಅದು ನಮಗೆ ಪರಕೀಯ ನೆಲವಲ್ಲ. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶ ಕಾಲ್ಚೆಂಡಿನ ಚಿನ್ನ ಗೆದ್ದದ್ದು ಜಕಾರ್ತದಲ್ಲಿ, ದಕ್ಷಿಣ ಕೊರಿಯವನ್ನು 2-1ರಲ್ಲಿ ಸೋಲಿಸಿ. ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು.

ಆ ದೇಶದಲ್ಲಿ ಸುರಬಾಯ ಎಂಬ ಬಂದರಿನ ಊರು. ಡಚ್ಚರ ಆಳ್ವಿಕೆಯಲ್ಲಿ ಬಿಳಿಯರಿಗೆ ಅವರದೇ ಕಾಲ್ಚೆಂಡಿನ ಸಂಘವಿತ್ತು. 1927ರಲ್ಲಿ ನಾಡಿಗರು ತಮ್ಮದೇ ಸಂಘ ಕಟ್ಟಿದರು. ಅದು ಬೆಳೆದು ಪೆರ್ಸೆಬಾಯ ಎಂಬ ಕ್ಲಬ್ಬಾಯಿತು. 2013ರ ಸುಮಾರಿಗೆ, ಅಲ್ಲಿಯ ದೊಡ್ಡವರ ಒಳಜಗಳದಲ್ಲಿ ಲೀಗು ಒಡೆದು, ದೇಶದ ಒಕ್ಕೂಟ ಆ ಹಳೆಯ ಕ್ಲಬ್ಬಿನ ಮಾನ್ಯತೆಯನ್ನೇ ತೆಗೆದುಹಾಕಿತು. ಆಗ ಎದ್ದವರು ಅದರ ಅಭಿಮಾನಿಗಳು. ಅವರಿಗೆ ಬೋನೆಕ್ ಎಂದು ಹೆಸರು. ಭಂಡ ಧೈರ್ಯವೊಂದೇ ಬಂಡವಾಳವಾದವರು ಎಂದು ಅದರ ಅರ್ಥ. ಬಡವರ ಮಕ್ಕಳೇ ಹೆಚ್ಚು. ಬೀದಿಯಲ್ಲಿ ನಡೆದರು, ರಾಜಧಾನಿಗೇ ಹೋಗಿ ಕೂತರು, ವರ್ಷಗಟ್ಟಲೆ ಬಿಡಲಿಲ್ಲ. 2017ರ ಜನವರಿಯಲ್ಲಿ ಬಾಂಡುಂಗಿನಲ್ಲಿ ಸೇರಿದ ಒಕ್ಕೂಟದ ಮಹಾಸಭೆ ಕ್ಲಬ್ಬನ್ನು ಮತ್ತೆ ಒಪ್ಪಿತು. ಅದೇ ವರ್ಷ ಕ್ಲಬ್ಬು ಎರಡನೆಯ ದರ್ಜೆಯ ಲೀಗನ್ನು ಗೆದ್ದು ಮೇಲೇರಿತು. ಕಾಗದದ ಮೇಲೆ ಅದೂ ಕಂಪನಿಯೇ. ಆದರೆ ಕಂಪನಿಯ ಕಾಗದ ಹರಿದಾಗಲೂ ಕ್ಲಬ್ಬು ಸಾಯದಂತೆ ಉಳಿಸಿಕೊಂಡವರು ಜನ.

ಜನರ ಪ್ರೀತಿ ಎಂದೊಡನೆ ಎಲ್ಲವೂ ಚೆಂದವೆಂದು ನಾವು ಹೇಳುವುದಿಲ್ಲ. ಬೋನೆಕರಿಗೆ ಪುಂಡರೆಂಬ ಹೆಸರೂ ಉಂಟು. 2022ರ ಅಕ್ಟೋಬರ್ 1ರಂದು ಮಲಾಂಗ್ ಬಳಿಯ ಕಂಜುರುಹಾನ್ ಕ್ರೀಡಾಂಗಣದಲ್ಲಿ ಇದೇ ಪೆರ್ಸೆಬಾಯ ಎದುರು ಅರೆಮಾ ತಂಡ ಸೋತಾಗ ಅರೆಮಾದ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರು. ಪೊಲೀಸರು ಅಶ್ರುವಾಯು ಸಿಡಿಸಿದರು. ಹೊರಬೀಳುವ ದಾರಿಯಲ್ಲಿ ನೂಕುನುಗ್ಗಲಾಗಿ 135 ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಪ್ರೀತಿಗೆ ಶಿಸ್ತು ಬೇಕು. ಅಧಿಕಾರಕ್ಕೆ ಅದಕ್ಕಿಂತ ಹೆಚ್ಚಿನ ಶಿಸ್ತು ಬೇಕು.

ಇಷ್ಟು ದೂರ ಸುತ್ತಿ ಬಂದದ್ದು ನಮ್ಮ ಊರಿನ ಮೈದಾನಕ್ಕೆ ಬರಲಿಕ್ಕೆ. ಇಲ್ಲಿ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಹುಡುಗರು ಸಂಜೆ ಆಡುವ ಬಯಲು ನಿಮಗೆಲ್ಲ ಗೊತ್ತು. ಅದು ಒಂದು ತಿಂಗಳು ಪ್ರದರ್ಶನಕ್ಕೆ, ಒಂದು ತಿಂಗಳು ಮದುವೆಯ ವಾಹನಗಳಿಗೆ, ಚುನಾವಣೆ ಬಂದರೆ ಎಲ್ಲ ಪಕ್ಷಗಳ ಚಪ್ಪರಗಳಿಗೆ ಹೋಗುತ್ತದೆ. ಎಲ್ಲ ಪಕ್ಷಗಳು ಎಂದಾಗ ನಾವು ಹೊರಗಲ್ಲ. ಹಿಂದಿನ ಸಲ ನಮ್ಮ ಸಭೆಗೆ ಚಪ್ಪರ ಹಾಕಿದೆವು. ದುಡಿಯುವವರ ಮಕ್ಕಳ ಭವಿಷ್ಯವನ್ನು ಕುರಿತು ಎರಡು ಗಂಟೆ ಮಾತಾಡಿದೆವು. ಚಪ್ಪರ ಕಿತ್ತೆವು, ಗುಳಿ ಮುಚ್ಚಲಿಲ್ಲ. ವಾರದೊಳಗೆ ಹಮಾಲಿ ಕೆಲಸದವರೊಬ್ಬರ ಮಗ ಚೆಂಡಿನ ಹಿಂದೆ ಓಡುತ್ತ ಅದೇ ಗುಳಿಯಲ್ಲಿ ಕಾಲಿಟ್ಟು ಮೂಳೆ ಮುರಿದುಕೊಂಡ. ನಾವು ನೋಡಲು ಹೋದಾಗ ಹುಡುಗ ಬೈಯಲಿಲ್ಲ. "ಮುಂದಿನ ಸಲ ಗೋಲಿನ ಹಿಂದೆ ಹಾಕ್ರಿ, ಅಲ್ಲಿ ಯಾರೂ ಓಡೋದಿಲ್ಲ" ಎಂದ. ನಮ್ಮ ಭಾಷಣಗಳಿಗಿಂತ ಆ ಮಾತಿನಲ್ಲಿ ಹೆಚ್ಚು ಬುದ್ಧಿ ಇದ್ದಿತು.

ಕಂಪನಿ ಏನು ಮಾಡಬೇಕು, ಸರ್ಕಾರ ಏನು ಮಾಡಬೇಕು ಎಂದು ಹೇಳುವ ಮೊದಲು ನಾವು ಏನು ಮಾಡಬೇಕೆಂಬುದು ಆ ಗುಳಿಯಲ್ಲೇ ಬರೆದಿದೆ. ಆದುದರಿಂದ ಈ ಸಭೆಯ ಮುಂದೆ ಮೂರು ಮಾತು ಇಡುತ್ತೇವೆ.

ಒಂದು. ಇನ್ನು ಮುಂದೆ ನಮ್ಮ ಸಭೆಗೆ ಆ ಬಯಲನ್ನು ಕೇಳುವುದಿಲ್ಲ. ಇದುವರೆಗಿನ ಗುಳಿಗಳನ್ನು ಬರುವ ಭಾನುವಾರ ನಾವೇ ಮುಚ್ಚುತ್ತೇವೆ. ಗುದ್ದಲಿ ಇದ್ದವರು ತನ್ನಿ, ಇಲ್ಲದವರು ಬುಟ್ಟಿ ಹೊರಲು ಬನ್ನಿ. ಉಳಿದ ಪಕ್ಷಗಳವರನ್ನೂ ಆಮೇಲೆ ಕೇಳೋಣ. ಕೈಗೆ ಮಣ್ಣು ಹತ್ತಿದವರು ಕೇಳಿದರೆ ಆ ಮಾತಿಗೆ ತೂಕವಿರುತ್ತದೆ.

ಎರಡು. ಊರಿಗೊಂದು ಸದಸ್ಯರ ಕ್ಲಬ್ಬು ಕಟ್ಟೋಣ. ತಿಂಗಳಿಗೆ 20 ರೂಪಾಯಿಯಂತೆ 200 ಜನ ವಂತಿಗೆ ಕೊಟ್ಟರೆ 4,000 ರೂಪಾಯಿ ಆಗುತ್ತದೆ. ಚೆಂಡಿಗೆ, ಬಲೆಗೆ, ಸುಣ್ಣದ ಗೆರೆಗೆ, ಕಾಲಿಗೆ ಪೆಟ್ಟಾದವನ ಔಷಧಕ್ಕೆ ಆರಂಭದಲ್ಲಿ ಇದು ಸಾಕು. ಹತ್ತು ಸಾವಿರ ಕೊಡುವ ಸಾಹುಕಾರನಿಗೂ ಇಪ್ಪತ್ತು ಕೊಡುವ ಹಮಾಲಿಗೂ ಒಂದೊಂದೇ ಓಟು. ಲೆಕ್ಕವನ್ನು ತಿಂಗಳಿಗೊಮ್ಮೆ ಅಂಗಡಿಯ ಗೋಡೆಗೆ ಅಂಟಿಸಬೇಕು. ವರ್ತಕ ಮಿತ್ರರೆ, ಲೆಕ್ಕ ಬರೆಯುವುದು ನಿಮಗೆ ಬರುತ್ತದೆ. ಅದನ್ನು ನೀವು ವಹಿಸಿಕೊಳ್ಳಿ. ಸಂಡೂರಿನಲ್ಲಿ ಅದಿರಿನ ಕೆಂಪು ಧೂಳಿನೊಳಗೆ ಆಡುವ ಹುಡುಗರಿದ್ದಾರೆ, ಕಂಪ್ಲಿಯಲ್ಲಿ ಕೊಯ್ಲಾದ ಗದ್ದೆಯ ಕೂಳೆಯ ಮೇಲೆ ಆಡುವವರಿದ್ದಾರೆ, ಹಂಪಿಯಲ್ಲಿ ಬಂಡೆಗಳ ನಡುವೆ ಆಡುವವರಿದ್ದಾರೆ. ನಾಲ್ಕು ಊರಿನ ನಾಲ್ಕು ತಂಡ ಆದರೆ ಒಂದು ಲೀಗು ತಾನಾಗಿ ಆಗುತ್ತದೆ. ಅದನ್ನು ನಿಲ್ಲಿಸಲು ಯಾವ ಒಪ್ಪಂದದ ಅವಧಿಯೂ ಮುಗಿಯಬೇಕಾಗಿಲ್ಲ.

ಮೂರು. ಇಷ್ಟು ಮಾಡಿದ ಮೇಲೆ ದೊಡ್ಡವರ ಬಾಗಿಲಿಗೂ ಹೋಗೋಣ, ಬೇಡಲಿಕ್ಕಲ್ಲ, ಕೇಳಲಿಕ್ಕೆ. ಈ ಮಣ್ಣಿನ ಅದಿರು ಆ ಕುಲುಮೆಗೆ ಹೋಗುತ್ತದೆ. ಈ ಮಣ್ಣಿನ ಮಕ್ಕಳು ಆ ಹಸಿರು ಮೈದಾನಕ್ಕೆ ವಾರಕ್ಕೊಂದು ದಿನವಾದರೂ ಹೋಗಲಿ. ಅವರ ತರಬೇತುದಾರರು ತಿಂಗಳಿಗೊಮ್ಮೆ ನಮ್ಮ ಬಯಲಿಗೆ ಬರಲಿ. ಇದು ದಾನವಲ್ಲ, ನೆರೆಯವರ ನಡುವಣ ಕೊಡುಕೊಳೆ.

ಕುಮಾರರಾಮ ಚೆಂಡು ತರಲು ಅರಮನೆಗೆ ಒಬ್ಬನೇ ಹೋದ; ಅದೇ ಅವನಿಗೆ ಮುಳುವಾಯಿತು. ನಾವು ಒಬ್ಬೊಬ್ಬರಾಗಿ ಹೋಗುವುದು ಬೇಡ.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬಯಲಿಗೆ ಬನ್ನಿ. ಆ ಹುಡುಗನ ಕಟ್ಟು ಇನ್ನೂ ಬಿಚ್ಚಿಲ್ಲ. ಆದರೆ ಗೋಲಿನ ಹಿಂದೆ ಕೂತು ಯಾವ ಗುಳಿ ಎಲ್ಲಿದೆಯೆಂದು ತೋರಿಸುವುದಾಗಿ ಒಪ್ಪಿದ್ದಾನೆ.